ಕೊನೆಯ ಹಾಡಿನಲ್ಲಿ ಅವಳೆಲ್ಲಿ?

ಅವರ ಬಲಗಿವಿ ಎಡಗಿವಿಗಿಂತ ಕೊಂಚ ಮುಂದಕ್ಕೆ ಬಾಗಿತ್ತು. ಮೇಲಿನ ಅಂಚು ಒಳಕ್ಕೆ ಮಡಚಿಕೊಳ್ಳದೆ ಚಪ್ಪಟೆಯಾಗಿ, ತುದಿಯಲ್ಲಿ ಚೂಪಾಗಿ ನಿಂತಿತ್ತು. ಒಳಗಿಂದ ಬಿಳಿ ಕೂದಲಿನ ಕುಚ್ಚೊಂದು ಹೊರಗೆ ಇಣುಕುತ್ತಿತ್ತು. ಆ ಕಿವಿಗೆ ತೆಂಗಿನಕಾಯಿ ಹಿಡಿದು, ಕಣ್ಣು ಮುಚ್ಚಿ, ಬೆರಳಿನ ಬೆಳ್ಳಿ ಉಂಗುರದಿಂದ ಎರಡು ಸಲ ಬಡಿಯುತ್ತಿದ್ದರು. ಸ್ವಲ್ಪ ತಡೆದು ಇನ್ನೊಂದು ಸಲ. ಆಮೇಲೆ ಅಲ್ಲಾಡಿಸುತ್ತಿದ್ದರು. ಟಕ್ ಟಕ್, ಟಕ್, ಕುಲುಕ್. ಕಾಯಿ ಪಾಸಾದರೆ ನಮ್ಮ ಚೀಲಕ್ಕೆ, ಇಲ್ಲವಾದರೆ ಮೂಲೆಯ ಡಬ್ಬಕ್ಕೆ. ಗಿರಾಕಿಗಳು ತಾವಾಗಿ ಬುಟ್ಟಿಗೆ ಕೈ ಹಾಕುವಂತಿರಲಿಲ್ಲ.

ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ, ಸಾಲಂಗಡಿಗಳ ಹಳೆಯ ಸ್ಟ್ರಿಪ್ ಮಾಲೊಂದರಲ್ಲಿ, ಲಾಂಡ್ರಿಗೂ ಉಗುರಿಗೆ ಬಣ್ಣ ಹಚ್ಚುವ ಸಲೂನಿಗೂ ನಡುವೆ, ಅವರ ದಿನಸಿ ಅಂಗಡಿ. ಊರಿನ ಕನ್ನಡದವರಿಗೆಲ್ಲ ಅವರು ‘ಅಂಗಡಿ ಅಂಕಲ್’. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಅದನ್ನು ನಡೆಸುತ್ತಿದ್ದರು. ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಇದ್ದೇ ಇದೆ ಎಂದು ಮೊದಲೇ ನಂಬಿಕೊಂಡು ಹುಡುಕುವುದು ನನ್ನ ಉದ್ಯೋಗ. ಅಂಥ ನನ್ನನ್ನೇ ಅವರು ಮೊದಲ ದಿನ ಟೆಸ್ಟ್ ಮಾಡಿದರು.

“ಯಾವೂರಮ್ಮ?”

“ಮೈಸೂರು, ಅಂಕಲ್.”

“ಎಲ್ಲರೂ ಮೈಸೂರು ಅಂತಾರೆ. ಸ್ವಲ್ಪ ಕೆದಕಿದ್ರೆ ಹುಣಸೂರು, ನಂಜನಗೂಡು. ಮೈಸೂರಲ್ಲಿ ಎಲ್ಲಿ?”

“ಮಂಡಿ ಮೊಹಲ್ಲಾ.”

“ಅಲ್ಲಿಂದ ದೇವರಾಜ ಮಾರ್ಕೆಟ್‌ಗೆ ನಡ್ಕೊಂಡು ಹೋದ್ರೆ ಎಷ್ಟು ಹೊತ್ತಾಗುತ್ತೆ?”

“ನಮ್ಮ ಅಮ್ಮಿ ಜೊತೆ ಹೋದ್ರೆ ಒಂದು ಗಂಟೆ. ದಾರೀಲಿ ಸಿಕ್ಕಿದವರನ್ನೆಲ್ಲ ಮಾತಾಡಿಸ್ತಾರೆ.”

ಅಂಕಲ್ ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿ, “ಸರಿ, ಮೈಸೂರೇ” ಎಂದು ಬಿಲ್ ಮಾಡಿದರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಮರೆತಿದ್ದೇವೆ. ಅವರು ಅದರ ಪ್ರಕಾರವೇ ಬಾಳುತ್ತಿದ್ದರು. ತೊಗರಿಬೇಳೆಯ ಮೂಟೆ ಬಂದರೆ ಮೇಲಿನ ಹಿಡಿಯನ್ನು ನೋಡುತ್ತಿರಲಿಲ್ಲ, ಮೊಣಕೈವರೆಗೆ ತೋಳಿಳಿಸಿ ತಳದ ಬೇಳೆ ತೆಗೆದು ನೋಡುತ್ತಿದ್ದರು. ಅರಿಶಿನವನ್ನು ಅಂಗೈಗೆ ತಿಕ್ಕಿ, ತೊಳೆದು, ಬಣ್ಣ ಎಷ್ಟು ಉಳಿಯಿತೆಂದು ಬೆಳಕಿಗೆ ಹಿಡಿಯುತ್ತಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಾಗ, “ಹಾಕಿದೀವಿ ಅಂತಾರೆ, ಒಳಗೆ ಹೋಗಿ ನೋಡಿದವರು ಯಾರು?” ಎಂದರು. ಕೊರೊನಾ ವರ್ಷದಲ್ಲಿ ಬಾಗಿಲಿಗೆ ಹಗ್ಗ ಕಟ್ಟಿ, ಕೊತ್ತಂಬರಿ ಸೊಪ್ಪನ್ನು ಇಕ್ಕಳದಲ್ಲಿ ಹಿಡಿದು ಕೊಡುತ್ತಿದ್ದರು. ಸಾಲಿನಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಕುಂಬಳಕಾಯಿ ಕಳ್ಳ ಎಂದ ಹಾಗೆ ನಾವೆಲ್ಲ ಮುಖ ಮುಟ್ಟಿಕೊಂಡು ಮಾಸ್ಕ್ ಸರಿಮಾಡಿಕೊಳ್ಳುತ್ತಿದ್ದೆವು.

ಆ ಅಂಗಡಿಯಲ್ಲಿ ಹಳೆಯ ಸಿಡಿ ಪ್ಲೇಯರ್ ಒಂದಿತ್ತು. ಬೆಳಿಗ್ಗೆ ಸುಪ್ರಭಾತ, ಸಂಜೆ ದಾಸರ ಪದ. ಕೊರೊನಾ ಇಳಿದು ನಾವು ಮಾಸ್ಕ್ ತೆಗೆದ ಕಾಲಕ್ಕೆ ಅದೂ ಬದಲಾಯಿತು. ರಂಜಾನಿಗೆ ಖರ್ಜೂರ ತರಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಚೀಲಕ್ಕೆ ಗಾಳಿ ತುಂಬಿ ಊದುವ ಬ್ಯಾಗ್‌ಪೈಪ್ ಊಳಿಡುತ್ತಿತ್ತು. ಅದರ ಬೆನ್ನಿಗೆ ಎಲೆಕ್ಟ್ರಿಕ್ ಗಿಟಾರು, ಓಡಿಹೋಗುವ ಕುದುರೆಯಂತೆ ಡ್ರಮ್ಮು, ಮೇಲೊಬ್ಬ ಗಂಟಲು ಹರಿಯುವಂತೆ ಕೂಗುತ್ತಿದ್ದ. ಅಂಕಲ್ ಮಾತ್ರ ಹೆಸರುಬೇಳೆ ತೂಗುತ್ತ ನಿಂತಿದ್ದರು.

“ಏನ್ ಅಂಕಲ್ ಇದು?”

“ಸೆಲ್ಟಿಕ್ ಪಂಕ್ ಅಂತೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೇ ಪದಗಳು. ಅದಕ್ಕೆ ಈ ಕಾಲದ ಗಲಾಟೆ ಸೇರಿಸಿದಾರೆ.”

“ನೀವು ಯಾಕೆ ಹಾಕಿದೀರ?”

“ಜನ ಅಂಗಡೀಲಿ ನಿಂತು ಹರಟೆ ಹೊಡೀತಾರೆ. ಇದು ಹಾಕಿದ್ರೆ ಬೇಗ ತಗೊಂಡು ಹೋಗ್ತಾರೆ.”

ಮುಂದಿನ ವಾರವೂ ಅದೇ ಆಲ್ಬಮ್. ಅದರ ಮುಂದಿನ ವಾರವೂ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಮುಗಿದರೆ ಮತ್ತೆ ಮೊದಲಿನಿಂದ. ನನ್ನ ಗಂಡನ ಹತ್ತಿರ ಅಂಕಲ್ ಬೇರೆ ಕಾರಣ ಹೇಳಿದ್ದರು: ಫ್ರೀಜರಿನ ಗೊರಗೊರ ಕೇಳಿಸಬಾರದು ಎಂದು. ಇನ್ನೊಬ್ಬರಿಗೆ ಸುಪ್ರಭಾತದ ಸಿಡಿ ಗೀರಿಹೋಗಿದೆ ಎಂದಿದ್ದರು. ಒಂದೇ ವಿಷಯಕ್ಕೆ ಇಷ್ಟು ಕಾರಣಗಳಿದ್ದರೆ ಯಾವುದೂ ನಿಜವಲ್ಲ ಎಂದು ನನ್ನ ವೃತ್ತಿ ಕಲಿಸಿದೆ. ಊರಿನವರೂ ಸುಮ್ಮನಿರಲಿಲ್ಲ. ಅಂಕಲ್ ಸಂಜೆ ಹೊತ್ತು ಐರಿಶ್ ಪಬ್ಬಿಗೆ ಹೋಗುತ್ತಾರೆ ಎಂದು ಒಬ್ಬರು, ಸ್ಟೆಂಟ್ ಹಾಕುವಾಗ ತಲೆಗೆ ಏನೋ ಆಗಿದೆ ಎಂದು ಇನ್ನೊಬ್ಬರು. ಜೀವಮಾನವಿಡೀ ಎಲ್ಲರನ್ನೂ ಅನುಮಾನಿಸಿದವರನ್ನು ಈಗ ಎಲ್ಲರೂ ಸೇರಿ ಅನುಮಾನಿಸಿದರು.

ಗುಟ್ಟು ಹೊರಬಿದ್ದದ್ದು ಒಂದು ಮಧ್ಯಾಹ್ನ. ಅವರು ಒಳಗಿನಿಂದ ಅಕ್ಕಿ ತರಲು ಹೋದಾಗ, ತಕ್ಕಡಿಯ ಹಿಂದೆ ಒರಗಿಸಿಟ್ಟ ಸಿಡಿಯ ಕವರು ಕಣ್ಣಿಗೆ ಬಿತ್ತು. ಹಳೆಯ ಬಂದರಿನ ಗೋಡೆಯ ಮುಂದೆ ಬ್ಯಾಂಡಿನವರು ನಿಂತಿದ್ದರು. ಗಡ್ಡದವರು, ಹಚ್ಚೆಯವರು, ನಡುವೆ ಒಬ್ಬಳು ಹುಡುಗಿ. ಹಾರ್ಮೋನಿಯಮ್ಮನ್ನು ಎದೆಗೆ ಕಟ್ಟಿಕೊಂಡಂತೆ ಅಕಾರ್ಡಿಯನ್ ಹಿಡಿದಿದ್ದಳು. ಗಿಡ್ಡ ಕೂದಲು. ಬಲಗಿವಿ ಮುಂದಕ್ಕೆ ಬಾಗಿ, ತುದಿಯಲ್ಲಿ ಚೂಪಾಗಿತ್ತು.

ಅಂಕಲ್ ಅಕ್ಕಿ ಮೂಟೆ ಇಳಿಸಿ ನನ್ನನ್ನು ನೋಡಿದರು. ನಾನು ಅವರ ಕಿವಿಯನ್ನು ನೋಡುತ್ತಿದ್ದೆ.

“ನನ್ನ ಮಗಳು” ಎಂದರು. “ಅದರಲ್ಲಿ ನುಡಿಸಿದೀನಿ ಅಂತ ಅವಳು ಹೇಳ್ತಾಳೆ. ನನಗೆ ನಂಬಿಕೆ ಇಲ್ಲ.”

ಮಗಳು ಬೆಳೆದದ್ದು ಇದೇ ಅಂಗಡಿಯಲ್ಲಿ, ಅಕ್ಕಿ ಮೂಟೆಗಳ ಮೇಲೆ ಕೂತು ಹೋಮ್‌ವರ್ಕ್ ಬರೆಯುತ್ತ. ಓದು ಮುಗಿಸಿ ಸರ್ಕಾರದ ಗುತ್ತಿಗೆ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದಳು. ಅದನ್ನು ಬಿಟ್ಟು ಈ ಬ್ಯಾಂಡು ಸೇರಿ, ವ್ಯಾನಿನಲ್ಲಿ ಊರೂರು ತಿರುಗತೊಡಗಿದಳು. ಅಂಕಲ್‌ಗೆ ಅವಳು ಹಾಳಾದಳೆಂಬ ದುಃಖಕ್ಕಿಂತ ಅವಳಿಗೆ ಮೋಸವಾಗುತ್ತಿದೆ ಎಂಬ ಗುಮಾನಿ ದೊಡ್ಡದು. ಆಲ್ಬಮ್ ಹೊರಬಂದಾಗ ಅವಳು ಮೊದಲ ಪ್ರತಿಯನ್ನು ತಂದುಕೊಟ್ಟಳು. ಇವರು ಇಡೀ ಆಲ್ಬಮ್ ಕೇಳಿ, “ಫೋಟೋಗೆ ಮಾತ್ರ ನಿನ್ನ ನಿಲ್ಲಿಸಿಕೊಂಡಿದಾರೆ. ಕೆಲವು ಹಾಡಲ್ಲಿ ಏನೋ ಕೊಯ್ ಅನ್ನುತ್ತೆ. ಕೊನೇ ಹಾಡಲ್ಲಂತೂ ನೀನು ಇಲ್ಲವೇ ಇಲ್ಲ” ಎಂದುಬಿಟ್ಟರು.

ಮಗಳೂ ಇವರ ಮಗಳೇ ತಾನೆ. ಕವರಿನೊಳಗೆ ಯಾರು ಏನು ನುಡಿಸಿದರೆಂದು ಬರೆದಿದ್ದ ಪುಟ್ಟ ಪುಸ್ತಕವನ್ನು ಎಳೆದು ಜೇಬಿಗೆ ಹಾಕಿಕೊಂಡಳಂತೆ.

“ಐಯಾಮ್ ಆನ್ ಎವ್ರಿ ಸಾಂಗ್, ಅಪ್ಪ. ಕೊನೇದರಲ್ಲೂ ಇದೀನಿ. ನೀವೇ ಹುಡುಕಿ. ಸಿಕ್ಕಿದ ದಿನ ಕಾಲ್ ಮಾಡಿ.”

“ಸಿಗದಿದ್ರೆ?”

“ದೆನ್ ಡೋಂಟ್ ಕಾಲ್.”

ಅಂದಿನಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ಇದನ್ನೆಲ್ಲ ಹೇಳುವಾಗ ಅಂಕಲ್ ಸಕ್ಕರೆಯ ಪೊಟ್ಟಣಗಳನ್ನು ಒಂದರ ಮೇಲೊಂದು ಜೋಡಿಸುತ್ತ, ಮತ್ತೆ ಕೆಡವಿ ಜೋಡಿಸುತ್ತ ಇದ್ದರು. ಸುಮ್ಮನೆ ಫೋನ್ ಮಾಡಿ, “ಸಿಕ್ಕಿದೆ” ಎಂದು ಹೇಳಿಬಿಡಿ ಎಂದೆ.

“ಎಲ್ಲಿ ಅಂತ ಕೇಳ್ತಾಳೆ” ಎಂದರು. “ನಾನಾಗಿದ್ರೂ ಕೇಳ್ತಿದ್ದೆ.”

ಆಮೇಲೆ ನಮ್ಮವರೆಲ್ಲ ಮಾಡುವ ತಪ್ಪನ್ನೇ ಅವರೂ ಮಾಡಿದರು. ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವರಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ವೀಸಾದವರೆಗೆ ಎಲ್ಲವೂ ಬರುತ್ತದೆ ಎನ್ನುವುದು ನಮ್ಮ ಸಮುದಾಯದ ಮೂಢನಂಬಿಕೆ. ಯಾರನ್ನೂ ನಂಬದ ಅಂಕಲ್ ಕೂಡ ಇದನ್ನು ನಂಬಿದ್ದರು. ಸಿಡಿಯನ್ನು ಖರ್ಜೂರದ ಚೀಲದೊಳಗಿಟ್ಟು, “ಆ ಗಲಾಟೆ ಎಲ್ಲ ತೆಗೆದು ಅವಳೊಬ್ಬಳದೇ ಮಾಡಿಕೊಡಿ” ಎಂದರು. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಹಾಡಿನಲ್ಲಿರುವ ಕಂಠ, ವಾದ್ಯ, ತಾಳಗಳನ್ನು ಬೇರೆ ಬೇರೆ ಮಾಡುವ ಪ್ರೋಗ್ರಾಮುಗಳು ಈಗ ಇವೆ. ಕೊನೆಯ ಹಾಡನ್ನು ಅದಕ್ಕೆ ಉಣಿಸಿದೆ. ಆಲ್ಬಮ್ಮಿನಲ್ಲಿ ಅದೊಂದೇ ನಿಧಾನದ ಹಾಡು. ಕಡಲಿಗೆ ಹೋಗಿ ಹಿಂದಿರುಗದವನಿಗಾಗಿ ಮನೆಯವರು ಕಾಯುವ ಹಾಡು. ಕೂಗುವ ಗಾಯಕ ಅದರಲ್ಲಿ ಪಿಸುಗುಟ್ಟುತ್ತಾನೆ. ಅಕಾರ್ಡಿಯನ್ ಹುಡುಕಿದೆ. ಪೈಪು ಸಿಕ್ಕಿತು, ಗಿಟಾರು ಸಿಕ್ಕಿತು, ಅಕಾರ್ಡಿಯನ್ನಿನ ಒಂದು ಉಸಿರೂ ಸಿಗಲಿಲ್ಲ. ತಾಳದ ಭಾಗವನ್ನು ತೆರೆದು ನೋಡುವ ಗೋಜಿಗೆ ಹೋಗಲಿಲ್ಲ. ಅಕಾರ್ಡಿಯನ್ ನುಡಿಸುವವಳನ್ನು ಡ್ರಮ್ಮಿನಲ್ಲಿ ಯಾರು ಹುಡುಕುತ್ತಾರೆ? ನನಗೂ ಅನುಮಾನ ಶುರುವಾಯಿತು. ಹುಡುಗಿ ನುಡಿಸಿದ್ದಾಳೆ, ಬ್ಯಾಂಡಿನವರು ಅವಳಿಗೆ ಹೇಳದೆ ಅಳಿಸಿಬಿಟ್ಟಿದ್ದಾರೆ, ಪಾಪ ಅವಳಿಗೇ ಗೊತ್ತಿಲ್ಲ ಎಂದು.

“ಇಲ್ಲ ಅಂಕಲ್” ಎಂದು ಹೇಳಿದೆ.

ನಾನು ಹೇಳಲಿಲ್ಲವಾ ಎಂದು ಅವರು ಗೆದ್ದವರಂತೆ ನೋಡುತ್ತಾರೆಂದು ಎಣಿಸಿದ್ದೆ. ಅವರು ಸಿಡಿ ತೆಗೆದುಕೊಂಡು ಷರ್ಟಿನ ತುದಿಯಿಂದ ಒರೆಸಿ ಮತ್ತೆ ಪ್ಲೇಯರಿಗೆ ಹಾಕಿದರು. ಅವರು ತಾವು ಹೇಳಿದ್ದೇ ಸುಳ್ಳಾಗಲಿ ಎಂದು ಕಾಯುತ್ತಿದ್ದುದನ್ನು ನಾನು ಅದೊಂದೇ ಸಲ ಕಂಡದ್ದು.

ಕೆಲವು ವಾರಗಳ ನಂತರ ಬ್ಯಾಂಡಿನ ಬ್ಯಾಗ್‌ಪೈಪಿನವನು ಅಂಗಡಿಗೆ ಬಂದ. ಕವರಿನ ಮೇಲಿದ್ದ ಕೆಂಪು ಗಡ್ಡದವನೇ. ಹಗಲು ಹೊತ್ತು ನಲ್ಲಿ ರಿಪೇರಿ ಮಾಡುವ ಕೆಲಸ. ಊರಿನಲ್ಲಿ ನಡೆಯಲಿದ್ದ ಕಾರ್ಯಕ್ರಮದ ಪೋಸ್ಟರನ್ನು ಕಿಟಕಿಗೆ ಅಂಟಿಸಬಹುದೇ ಎಂದು ಕೇಳಿದ. ಅಂಕಲ್ ಅವನನ್ನು ಸ್ಟೂಲಿನ ಮೇಲೆ ಕೂರಿಸಿದರು.

ನಮ್ಮ ಈ ಕಡೆ ಅರ್ಧ ಜನ ಸರ್ಕಾರದ ಗುಟ್ಟಿನ ಕೆಲಸದಲ್ಲಿರುವವರು. ಅವರಿಗೆ ಅನುಮತಿ ಕೊಡುವ ಮುಂಚೆ ತನಿಖೆಯವರು ಅಕ್ಕಪಕ್ಕದ ಮನೆಗಳಿಗೆ ಬಂದು ವಿಚಾರಿಸುತ್ತಾರೆ. ಒಮ್ಮೆ ಅಂಕಲ್ ಹತ್ತಿರವೂ ಬಂದಿದ್ದರು. ಅನುಮಾನಕ್ಕೂ ಒಂದು ಸರ್ಕಾರಿ ಇಲಾಖೆ ಇರುವ ದೇಶ ಎಂದು ಅವರಿಗೆ ಅಮೆರಿಕದ ಮೇಲೆ ಗೌರವ ಹುಟ್ಟಿದ್ದೇ ಅಂದು. ಆ ಪ್ರಶ್ನೆಗಳನ್ನು ಅವರು ಮರೆತಿರಲಿಲ್ಲ. ಈಗ ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಒಂದೊಂದಾಗಿ ಕೇಳಿದರು. ಎಷ್ಟು ಕಾಲದಿಂದ ನನ್ನ ಮಗಳನ್ನು ಬಲ್ಲೆ? ಕುಡಿಯುತ್ತೀಯಾ, ಎಷ್ಟು? ಕುಡಿದಾಗ ಏನು ಮಾಡುತ್ತೀಯ? ನಿನ್ನನ್ನು ಯಾರಾದರೂ ಬೆದರಿಸಿ ಕೆಲಸ ಮಾಡಿಸಿಕೊಳ್ಳಬಹುದೇ?

ಅವನು ಶಾಲೆಯ ಹುಡುಗನಂತೆ ಕೈಕಟ್ಟಿ ಉತ್ತರ ಹೇಳಿದ. ಕುಡಿದರೆ ಅಮ್ಮನಿಗೆ ಫೋನ್ ಮಾಡಿ ಅಳುತ್ತೇನೆ ಎಂದ. ಕೊನೆಗೆ ಅಂಕಲ್ ದನಿ ತಗ್ಗಿಸಿ, ಕೊನೆಯ ಹಾಡಿನಲ್ಲಿ ಅವಳೆಲ್ಲಿ ಎಂದು ಕೇಳಿದರು. ಅವನು ತಲೆಯಾಡಿಸಿದ. ಹೇಳಬಾರದು ಎಂದು ಅಪ್ಪಣೆಯಾಗಿದೆ, ಹೇಳಿದರೆ ಅವಳು ತನ್ನನ್ನು ವ್ಯಾನಿನಿಂದ ಇಳಿಸಿಬಿಡುತ್ತಾಳೆ ಎಂದ. ಹೋಗುವಾಗ ಬುಟ್ಟಿಯಲ್ಲಿದ್ದ ತೆಂಗಿನಕಾಯಿಗಳನ್ನು ನೋಡಿ ತನ್ನಷ್ಟಕ್ಕೆ ನಕ್ಕ. ಆ ನಗು ನನಗೆ ಸರಿಬರಲಿಲ್ಲ.

“ಏನೋ ಮುಚ್ಚಿಡ್ತಿದಾನೆ, ಅಂಕಲ್.”

“ಮುಚ್ಚಿಡ್ತಿದಾನೆ. ಆದ್ರೆ ನೋಡಿದ್ರಾ, ಅವನಿಗೆ ಅವಳ ಭಯ ಇದೆ” ಎಂದರು ಅಂಕಲ್. “ಅಷ್ಟು ಭಯ ಇರೋನಿಗೆ ಮೋಸ ಮಾಡೋ ಧೈರ್ಯ ಇರಲ್ಲ.” ಪೋಸ್ಟರನ್ನು ತಾವೇ ಕಿಟಕಿಗೆ ಅಂಟಿಸಿದರು, ಕಸದ ಡಬ್ಬದ ಪಕ್ಕದ ಕಿಟಕಿಗೆ.

ಆ ಚಳಿಗಾಲ ಬಂದರಿನಲ್ಲಿ ಏನೋ ತಡವಾಗಿ ತೆಂಗಿನಕಾಯಿಯೇ ಬರಲಿಲ್ಲ. ನಾನು ಹೋದಾಗ ಬುಟ್ಟಿ ಖಾಲಿ. ಕೆಲಸವಿಲ್ಲದ ಎರಡು ಕೈಗಳನ್ನು ಕೌಂಟರಿನ ಮೇಲೆ ಊರಿ ಅಂಕಲ್ ಕೂತಿದ್ದರು. ಹೊರಗೆ ಜಿಟಿಜಿಟಿ ಹಿಮ, ಒಳಗೆ ನಾವಿಬ್ಬರೇ. ಆಲ್ಬಮ್ ಕೊನೆಯ ಹಾಡಿಗೆ ಬಂದಿತ್ತು. ನಾನು ಹುಣಸೆಹಣ್ಣು ಹುಡುಕುತ್ತಿದ್ದೆ.

ಟಕ್ ಟಕ್, ಟಕ್, ಕುಲುಕ್.

ನಾನು ತಿರುಗಿಯೂ ನೋಡಲಿಲ್ಲ. ಆ ಅಂಗಡಿಯಲ್ಲಿ ಆ ಸದ್ದು ಗೋಡೆ ಗಡಿಯಾರದ ಸದ್ದಿನ ಹಾಗೆ. ಆದರೆ ಅಂಕಲ್ ಎದ್ದು ನಿಂತಿದ್ದರು.

“ಯಾರು ಒಳಗೆ?” ಎಂದು ಕೇಳಿದರು.

ಹಿಂದಿನ ಕೋಣೆಗೆ ಹೋಗಿ ದೀಪ ಹಾಕಿ ನೋಡಿದರು. ಮೂಟೆಗಳ ಹಿಂದೆ ಇಣುಕಿದರು. ಹಿಂಬಾಗಿಲ ಚಿಲಕ ಎಳೆದು ನೋಡಿದರು. ವಾಪಸ್ಸು ಬರುವಷ್ಟರಲ್ಲಿ ಮತ್ತೆ ಕೇಳಿಸಿತು. ಟಕ್ ಟಕ್, ಟಕ್, ಕುಲುಕ್. ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ಖಾಲಿ ಬುಟ್ಟಿಯನ್ನು ನೋಡಿದರು. ಆಮೇಲೆ ನನ್ನನ್ನು.

“ಇನ್ನೊಂದು ಸಲ ಹಾಕಿ” ಎಂದರು. ನಾನು ಗುಂಡಿ ಒತ್ತಿದೆ.

ಪ್ಲೇಯರಿನ ಹತ್ತಿರಕ್ಕೆ ಬಾಗಿ ಬಲಗಿವಿ ಕೊಟ್ಟು ಕೇಳಿದರು. ಗಾಯಕನ ಪಿಸುಮಾತಿನ ಅಡಿಯಲ್ಲಿ, ಹಾಡಿನ ಉದ್ದಕ್ಕೂ, ಯಾರೋ ತೆಂಗಿನಕಾಯಿ ಬಡಿದು ಅಲ್ಲಾಡಿಸುತ್ತಿದ್ದರು. ಎರಡು, ತಡೆದು ಒಂದು, ಆಮೇಲೆ ನೀರು. ಹಾಡಿನ ತಾಳವೇ ಅದು. ಪೈಪು, ಗಿಟಾರು ಎಲ್ಲ ಅದರ ಮೇಲೆ ನಿಂತಿದ್ದವು. ಇಷ್ಟು ತಿಂಗಳು ಅದು ಕೇಳಿಸಿದಾಗಲೆಲ್ಲ ಅಂಕಲ್ ತಮ್ಮದೇ ಕೈಯ ಸದ್ದು ಎಂದುಕೊಂಡಿದ್ದರು. ಊರನ್ನೆಲ್ಲ ಅನುಮಾನಿಸಿದವರು ಸ್ವಂತ ಕೈಯನ್ನು ಮಾತ್ರ ಅನುಮಾನಿಸಿರಲಿಲ್ಲ.

ಹಾಡು ಮುಗಿಯಿತು. ನಾನು ಕಣ್ಣೊರೆಸಿಕೊಂಡೆ. ಅವರು ಹುಬ್ಬು ಗಂಟಿಕ್ಕಿದ್ದರು.

“ಕಾಯಿ ಒಳ್ಳೇದಲ್ಲ” ಎಂದರು. “ನೀರು ಕಮ್ಮಿ ಇದೆ.”

ಫೋನ್ ತೆಗೆದು ನನ್ನ ಎದುರಿಗೇ ಕರೆ ಮಾಡಿದರು. ಬ್ಯಾಂಡು ಆಗ ಎರಡು ಕೆರೊಲೈನಾ ರಾಜ್ಯಗಳನ್ನೂ ದಾಟಿ ಅಟ್ಲಾಂಟಾದ ದಾರಿಯಲ್ಲಿತ್ತು. ಸ್ಪೀಕರಿನಲ್ಲಿ ವ್ಯಾನಿನ ಮೊರೆತ, ಅದರ ನಡುವೆ ಅವಳ ಗಾಬರಿಯ “ಅಪ್ಪ?” ಕೇಳಿಸಿತು. ಅಷ್ಟು ಕಾಲದ ನಂತರ ತಂದೆ ಮಗಳಿಗೆ ಹೇಳಿದ ಮೊದಲ ಮಾತು ಇದು:

“ಆ ಕಾಯಿ ಎಲ್ಲಿ ತಗೊಂಡೆ? ಯಾರೋ ನಿನಗೆ ಮೋಸ ಮಾಡಿದಾರೆ.”

ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ದನಿಯಲ್ಲಿ, “ಸೂಪರ್‌ಮಾರ್ಕೆಟ್, ಅಪ್ಪ” ಎಂದಳು.

“ಸೂಪರ್‌ಮಾರ್ಕೆಟ್ ಅಂತೆ” ಎಂದು ಅಂಕಲ್ ನನ್ನ ಕಡೆ ತಿರುಗಿ ಹೇಳಿದರು. “ಅಪ್ಪನ ಅಂಗಡಿ ಇಟ್ಕೊಂಡು.” ಫೋನನ್ನು ನನ್ನ ಕೈಗಿಟ್ಟು ಹಿಂದಿನ ಕೋಣೆಗೆ ಹೋದರು. ನಾನು ಆ ಹುಡುಗಿಯ ಹತ್ತಿರ, ನನ್ನನ್ನು ಎಂದೂ ಕಂಡಿರದವಳ ಹತ್ತಿರ, ಹವಾಮಾನದ ಬಗ್ಗೆ ಏನೇನೋ ಮಾತಾಡಿದೆ.

ಆಮೇಲಿನ ದಿನಗಳಲ್ಲಿ ಬ್ಯಾಂಡಿನ ತೆಂಗಿನಕಾಯಿ ಅವರ ಅಂಗಡಿಯಿಂದಲೇ ಹೋಗುತ್ತಿತ್ತು. ಬುಟ್ಟಿ ತುಂಬ ಕಾಯಿಗಳಲ್ಲಿ ಒಂದನ್ನೇ ಆರಿಸಿ, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಬ್ಯಾಂಡು ಮತ್ತೆ ಊರಿಗೆ ಬಂದಾಗ ಕಾರ್ಯಕ್ರಮಕ್ಕೆ ನನ್ನನ್ನೂ ನನ್ನ ಗಂಡನನ್ನೂ ಕರೆದುಕೊಂಡು ಹೋದರು. ಎಡಗಿವಿಗೆ ಹತ್ತಿ ಇಟ್ಟುಕೊಂಡು, ಬಲಗಿವಿಯನ್ನು ತೆರೆದಿಟ್ಟು, ಕುಣಿಯುವ ಹುಡುಗರ ನಡುವೆ ಚೀಲ ತಬ್ಬಿಕೊಂಡು ನಿಂತಿದ್ದರು. ಕೊನೆಯ ಹಾಡಿನಲ್ಲಿ ಮಗಳು ಅಕಾರ್ಡಿಯನ್ ಕೆಳಗಿಟ್ಟು ಕಾಯಿಯನ್ನು ಕಿವಿಗೆ ಹಿಡಿದಳು, ಕಣ್ಣು ಮುಚ್ಚಿದಳು. ಅಂಕಲ್ ನನ್ನ ಕಿವಿಯ ಹತ್ತಿರ, “ಈಗ ಸರಿಯಾಗಿದೆ” ಎಂದರು. ಅವರ ಬಾಯಿಂದ ಅಷ್ಟು ದೊಡ್ಡ ಸರ್ಟಿಫಿಕೇಟು ಬೇರೆ ಯಾರಿಗೂ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಆದರೂ ಹೊರಗೆ ಬಂದು ಪೈಪಿನವನಿಗೆ, ವ್ಯಾನಿನ ಟೈರು ಯಾವಾಗ ಬದಲಾಯಿಸಿದ್ದು, ರಸೀದಿ ಇದೆಯಾ ಎಂದು ಕೇಳಿದರು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆದ ಮೇಲೆ, ಅವರು ಕೌಂಟರಿನ ಹಿಂದೆ ಕುಸಿದರು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸ್ಟೆಂಟಿನ ವಿಷಯದಲ್ಲಿ ಅವರ ಅನುಮಾನವೇ ನಿಜವಾಯಿತೋ ಏನೋ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ವೈಕುಂಠ ಸಮಾರಾಧನೆಯ ದಿನ ಅವರ ಮನೆಗೆ ಹೋದೆವು. ಅಂಗಡಿಯಿಂದ ತಂದಿದ್ದ ತೆಂಗಿನಕಾಯಿಯ ಚೀಲ ಮೂಲೆಯಲ್ಲಿತ್ತು. ಪುರೋಹಿತರು ಕಲಶಕ್ಕೆ ಕಾಯಿ ಬೇಕೆಂದರು. ಮಗಳು ಚೀಲದ ಮುಂದೆ ಕೂತಳು. ಅವಳ ಹೆಬ್ಬೆರಳಿನಲ್ಲಿ ಅಪ್ಪನ ಬೆಳ್ಳಿ ಉಂಗುರ ಇತ್ತು, ಬೇರೆ ಬೆರಳಿಗೆ ದೊಡ್ಡದಾಗುತ್ತದೆಂದು ಕಾಣುತ್ತದೆ. ಒಂದು ಕಾಯಿ ತೆಗೆದು ಕಿವಿಗೆ ಹಿಡಿದಳು. ಟಕ್ ಟಕ್, ಟಕ್, ಕುಲುಕ್. ಬೇಡ ಎಂದು ನನ್ನ ಕೈಗೆ ಕೊಟ್ಟಳು. ಇನ್ನೊಂದು ತೆಗೆದಳು. ಅದೂ ಬೇಡ. ಪೈಪಿನವನು ಬಾಗಿಲ ಬಳಿ ಟೋಪಿ ಹಿಡಿದು ನಿಂತಿದ್ದ.

“ಹೊತ್ತಾಗ್ತಿದೆಯಮ್ಮ” ಎಂದರು ಪುರೋಹಿತರು. “ಯಾವುದಾದ್ರೂ ಆಗುತ್ತೆ.”

“ಯಾವುದಾದ್ರೂ ಆಗಲ್ಲ” ಎಂದಳು ಅವಳು.

ಅವಳು ಬೇಡವೆಂದ ಕಾಯಿಗಳು ನನ್ನ ದುಪಟ್ಟಾದಲ್ಲಿ ತುಂಬುತ್ತಿದ್ದವು. ಯಾರ ಮಾತನ್ನೂ ಕೇಳಿದ ಕೂಡಲೇ ನಂಬದೆ ಹುಡುಕಬೇಕು, ಹುಡುಕಿ ಸಿಕ್ಕಿದ ಮೇಲೆ ಪೂರ್ತಿ ನಂಬಬೇಕು ಎಂದು ನನಗೆ ಕಲಿಸಿದವರು ಅಂಕಲ್. ನಾನೂ ಒಂದೊಂದು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು.